ಪತ್ರ ನೋಂದಣಿಯಾಯಿತು, ಸೈಟು ಎರಡಾಗಲಿಲ್ಲ

ಹೋದ ವರ್ಷ ಅಣ್ಣತಮ್ಮಂದಿರಿಬ್ಬರು ಪಾಲುಪತ್ರ ಹಿಡಿದು ನನ್ನ ಕಚೇರಿಗೆ ಬಂದರು. ಅಪ್ಪ ಬಿಟ್ಟುಹೋದ 30×40ರ ಸೈಟು. ಮುಂದಿನ ಹಳೇ ಮನೆ ಅಣ್ಣನಿಗೆ, ಹಿಂದಿನ ಹಿತ್ತಲು ತಮ್ಮನಿಗೆ. ಜಗಳವಿಲ್ಲದೆ ಪಾಲಾಗಿ, ಪತ್ರವೂ ನೋಂದಣಿಯಾಗಿತ್ತು. ತಮ್ಮ ಹಿತ್ತಲಲ್ಲಿ ಮನೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ಬೇರೆ ಖಾತೆ, ಬೇರೆ ಪ್ಲಾನ್ ತನ್ನಿ ಎಂದರು. ಖಾತೆ ಕೊಡಬೇಕಾದ ಕಚೇರಿಯಲ್ಲಿ, ಬಡಾವಣೆ ನಕ್ಷೆಯಲ್ಲಿ ಇದು ಒಂದೇ ಸೈಟು, ಆಗಲ್ಲ ಎಂದರು.

ಜನ ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. 'ರಿಜಿಸ್ಟ್ರೇಷನ್ ಆಯ್ತಲ್ಲ ಸಾರ್' ಎಂದು ನೆಮ್ಮದಿಯಾಗಿರುತ್ತಾರೆ. ಪತ್ರದಿಂದ ನಿಮ್ಮನಿಮ್ಮೊಳಗೆ ಪಾಲಿನ ಹಕ್ಕು ಸಿಗುತ್ತದೆ, ಅದು ನಿಜ. ಆದರೆ ಯೋಜನಾ ಪ್ರದೇಶದ ನಿವೇಶನವನ್ನು ಒಡೆಯಲು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೇ ಕಲಮಿನ ಪ್ರಕಾರ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇರೆಯೇ ಬೇಕು. ಪತ್ರ ಬರೆದುಕೊಡುವವರು ಇದನ್ನು ಹೇಳುವುದಿಲ್ಲ. ನೋಂದಣಿ ಕಚೇರಿಯಲ್ಲೂ ಯಾರೂ ಎಚ್ಚರಿಸುವುದಿಲ್ಲ. ಎಲ್ಲ ಮುಗಿದ ಮೇಲೆ ಬ್ರೋಕರ್ ಬಂದು 'ಖಾತೆ ನಾನು ಮಾಡಿಸ್ಕೊಡ್ತೀನಿ' ಎಂದು ದುಡ್ಡು ಎಣಿಸಿಕೊಳ್ಳುತ್ತಾನೆ. ಇದನ್ನು ನೋಡಿ ನೋಡಿ ನನಗೆ ರೋಸಿಹೋಗಿದೆ.

ಆದ್ದರಿಂದ ಮೊದಲು ಬಡಾವಣೆಯ ಅನುಮೋದಿತ ನಕ್ಷೆ ನೋಡಿ. ಎಂಜಿನಿಯರ್ ಕೈಲಿ ವಿಭಜನೆಯ ನಕ್ಷೆ ಬರೆಸಿ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮಂಜೂರಾತಿ ಬಂದ ಮೇಲೆ ಆ ನಕ್ಷೆಯನ್ನೇ ಲಗತ್ತಿಸಿ ಪಾಲುಪತ್ರ, ಆಮೇಲೆ ಖಾತೆ. ಕೇಳಲು ಸುಲಭ. ಆದರೆ ಭೂಪರಿವರ್ತನೆಯಾಗದ ರೆವಿನ್ಯೂ ಸೈಟಾದರೆ ಅಲ್ಲೇ ನಿಲ್ಲಿ. ಕಂದಾಯ ಕಟ್ಟಿದ ರಸೀದಿಯಿಂದ ಅದು ಸಕ್ರಮವಾಗುವುದಿಲ್ಲ, ಎರಡು ಮಾಡಿದರೆ ತೊಡಕೂ ಎರಡಾಗುತ್ತದೆ. ಒಡೆದ ತುಂಡು ತೀರಾ ಚಿಕ್ಕದಾದರೂ ಮಂಜೂರಾತಿ ಸಿಗದಿರಬಹುದು. ಆಗ ನೆಲ ಜಂಟಿಯಾಗಿಯೇ ಇರಲಿ, ಕೆಳಮನೆ ಒಬ್ಬರಿಗೆ, ಮಹಡಿ ಇನ್ನೊಬ್ಬರಿಗೆ ಎಂದು ಹಂಚಿಕೊಳ್ಳಿ. ಮೆಟ್ಟಿಲು, ತಾರಸಿ, ಸಂಪು, ಮೋಟಾರು ಯಾರ ಪಾಲಿಗೆ ಎಂಬುದನ್ನು ಒಂದೊಂದಾಗಿ ಬರೆಸಿ. ಇಲ್ಲವೇ ಒಬ್ಬರು ಸೈಟು ಇಟ್ಟುಕೊಂಡು ಇನ್ನೊಬ್ಬರಿಗೆ ಹಣ ಕೊಡಲಿ. ಅದೂ ಆಗದೆ ಕೋರ್ಟಿಗೆ ಹೋದರೆ, ಒಡೆಯಲಾಗದ ಆಸ್ತಿಯನ್ನು ಮಾರಿ ಹಣ ಹಂಚಲು 1893ರ ವಿಭಾಗ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಆ ದಾವೆ ವರ್ಷಗಟ್ಟಲೆ ಎಳೆಯುತ್ತದೆ.

ಸೈಟು ಒಡೆಯದೆ ಹಿತ್ತಲಲ್ಲಿ ಇನ್ನೊಂದು ಪುಟ್ಟ ಮನೆ ಕಟ್ಟುತ್ತೇವೆ ಎನ್ನುವವರಿಗೂ ಪರವಾನಗಿ ತಪ್ಪಿದ್ದಲ್ಲ. ಬೇರೆ ಕರೆಂಟ್ ಮೀಟರ್ ಹಾಕಿಸಿದ ಮಾತ್ರಕ್ಕೆ ಅದು ಬೇರೆ ಸ್ವತ್ತಾಗುವುದಿಲ್ಲ. ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ.

ಪಾಲುಪತ್ರದಲ್ಲಿ ಚಕ್ಕುಬಂದಿಯನ್ನು ಬೆರಳಿಟ್ಟು ಓದಿ. ಆ ತಮ್ಮನ ಪತ್ರದಲ್ಲಿ ಪೂರ್ವ, ಪಶ್ಚಿಮ, ದಕ್ಷಿಣ ಮೂರು ಕಡೆಗೂ ಪರರ ಮನೆ, ಉತ್ತರಕ್ಕೆ ಅಣ್ಣನ ಪಾಲು. ನಾಲ್ಕು ಸಾಲಿನಲ್ಲಿ ರಸ್ತೆ ಎಂಬ ಪದವೇ ಇಲ್ಲ. ಹುಟ್ಟಿದಂದಿನಿಂದ ತುಳಸಿಕಟ್ಟೆ ಪಕ್ಕದ ಓಣಿಯಲ್ಲಿ ಓಡಾಡಿದವರಿಗೆ ಅದನ್ನು ಬರೆಸಬೇಕೆಂದು ಹೊಳೆದಿಲ್ಲ. ಬೇರೆ ದಾರಿಯೇ ಇಲ್ಲದವನಿಗೆ 1882ರ ಅನುಭೋಗ ಹಕ್ಕುಗಳ ಕಾಯ್ದೆಯ 13ನೇ ಕಲಮು ದಾರಿ ಕೊಡುತ್ತದೆ. ಆದರೆ ನಾಳೆ ಅಣ್ಣನ ಮಕ್ಕಳು ಬೇಲಿ ಹಾಕಿದರೆ ಆ ಕಲಮು ಹಿಡಿದು ಕೋರ್ಟಿಗೇ ಅಲೆಯಬೇಕು. ದಾರಿಯ ಅಗಲ, ಚರಂಡಿ, ನೀರಿನ ಪೈಪು ಎಲ್ಲವೂ ಪತ್ರದಲ್ಲಿರಲಿ.

ಅಕ್ಕತಂಗಿಯರನ್ನು ಬಿಟ್ಟು ಪಾಲು ಮಾಡಬೇಡಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂದು 2005ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಯಿತು. ಆಗ ತಂದೆ ಬದುಕಿರಬೇಕೆಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವರು ತಾವಾಗಿಯೇ ಬೇಡವೆಂದರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಲಿ. ಬಾಯಿಮಾತು, ಬಿಳಿ ಹಾಳೆಯ ಸಹಿ ನಡೆಯುವುದಿಲ್ಲ.

ಕಚೇರಿಗೆ ಹೆದರಬೇಡಿ. 'ನಾಳೆ ಬನ್ನಿ', 'ಸಾಹೇಬ್ರು ಇಲ್ಲ' ಎಂದರೆ ಅರ್ಜಿಯನ್ನು ಕೈಯಲ್ಲೇ ವಾಪಸ್ ತರಬೇಡಿ. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಗುವುದಿಲ್ಲವಾದರೆ ಕಾರಣ ಬರೆದು ಹಿಂಬರಹ ಕೊಡಿ ಎಂದು ಕೇಳಿ. ಬಾಯಲ್ಲಿ ಹತ್ತು ಸಲ ಇಲ್ಲವೆಂದವರು ಬರೆದುಕೊಡಲು ಹಿಂದೆಮುಂದೆ ನೋಡುತ್ತಾರೆ. ಮೇಲ್ಮನವಿಗೆ ಬೇಕಾದದ್ದು ಆ ಹಾಳೆಯೇ. ಸಕಾಲದಡಿ ಬರುವ ಸೇವೆಯಾದರೆ ತಡವಾದ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರವಿದೆ. ಮೊತ್ತ ಸಣ್ಣದಾದರೂ ಕೇಳಿ. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ.

ಆ ಅಣ್ಣತಮ್ಮಂದಿರ ವಿಭಜನೆಯ ಅರ್ಜಿ ಇನ್ನೂ ಪ್ರಾಧಿಕಾರದಲ್ಲೇ ಇದೆ. ದಾರಿಗೆ ಮಾತ್ರ ಅಣ್ಣ ಒಪ್ಪಿದರು. ತುಳಸಿಕಟ್ಟೆಯನ್ನು ಈಚೆಗೆ ಸರಿಸಿ, ನಾಲ್ಕು ಅಡಿ ಬಿಟ್ಟು ತಿದ್ದುಪಡಿ ಪತ್ರ ನೋಂದಣಿ ಮಾಡಿಸಿಕೊಟ್ಟಿದ್ದಾರೆ.