ಟ್ರೇಲರ್ ಟೈರಿಗೆ ಗಾಳಿ ತುಂಬುವಾಗ ರಿಂಗ್ ಎದುರು ನಿಲ್ಲಬೇಡಿ

ಬೆಂಗಳೂರಿನ ಇಟ್ಟಮಡು ಸುತ್ತಮುತ್ತ ಈಗ ಹೊಲ ಕಾಣೋದಿಲ್ಲ. ಆದ್ರೆ ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಕಾಣುತ್ತೆ, ಹಿಂದೆ ನೇಗಿಲಿನ ಬದಲು ನೀರಿನ ಟ್ಯಾಂಕರ್. ನಿಮ್ಮ ಟ್ರ್ಯಾಕ್ಟರನ್ನೂ ಇಂಥ ಬಾಡಿಗೆಗೆ ಬಿಟ್ಟಿದ್ದರೆ ಈ ವಾರದ ಮಾತು ನಿಮಗೇ.

ರಸ್ತೆ ಬದಿ ಪಂಕ್ಚರ್ ಅಂಗಡಿಯಲ್ಲಿ ಮಾಮೂಲಿ ದೃಶ್ಯ: ಚಕ್ರ ನೆಲಕ್ಕೆ ಮಲಗಿಸಿ, ಲಾಕ್ ರಿಂಗ್ ಮೇಲೆ ಕಾಲಿಟ್ಟು, ಗಾಳಿ ಹೋಗ್ತಿರುವಾಗಲೇ ಸುತ್ತಿಗೆಯಲ್ಲಿ ರಿಂಗ್ ತಟ್ಟೋದು. ಪಕ್ಕದಲ್ಲಿ ಓನರ್ ಬಗ್ಗಿ ನೋಡ್ತಿರ್ತಾನೆ. ಇದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ.

ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರಿಗೆ ಬೇಕಾದ ಗಾಳಿ ಕಡಿಮೆ, ಸಾಮಾನ್ಯವಾಗಿ 12ರಿಂದ 20 ಪಿಎಸ್‌ಐ. ಅದನ್ನೇ ನೋಡಿ ಬೆಳೆದ ನಮಗೆ ಭಯ ಇರೋದಿಲ್ಲ. ಲಾರಿ ಟೈರಿಗೆ 100 ಪಿಎಸ್‌ಐ ದಾಟುತ್ತೆ. 100 ಅಂದ್ರೆ ಒಂದೊಂದು ಚದರ ಇಂಚಿನ ಮೇಲೂ ಸುಮಾರು 45 ಕೆ.ಜಿ. ಭಾರ. ಟೈರಿನ ಪಕ್ಕೆಯಲ್ಲಿ ಅಂಥ ನೂರಾರು ಚದರ ಇಂಚು ಇದೆ. ಹತ್ತು ಟನ್ನಿಗೂ ಮಿಕ್ಕಿದ ಆ ಬಲವನ್ನು ತಡೆದಿರೋದು ಒಂದು ಕಬ್ಬಿಣದ ರಿಂಗ್. ಅದು ತುಕ್ಕು ಹಿಡಿದಿದ್ರೆ, ಸೊಟ್ಟಗಾಗಿದ್ರೆ, ಬೇರೆ ಡಿಸ್ಕಿನದ್ದಾಗಿದ್ರೆ ಗುಂಡಿನ ಹಾಗೆ ಹಾರುತ್ತೆ. ಅಮೆರಿಕದಲ್ಲಿ 1980ರಿಂದಲೇ ಕೆಲಸದ ಜಾಗದಲ್ಲಿ ಇಂಥ ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬಬೇಕು ಅನ್ನೋ ನಿಯಮ ಇದೆ. ನಮ್ಮಲ್ಲೂ ಪಂಜರ ಇಟ್ಟಿರುವ ಅಂಗಡಿ ಸಿಕ್ಕರೆ ಹತ್ತು ಕಿಲೋಮೀಟರ್ ಹೆಚ್ಚಾದರೂ ಅಲ್ಲಿಗೇ ಹೋಗಿ.

ಪಂಕ್ಚರ್ ಆದಮೇಲೂ ಲೋಡ್ ಸಮೇತ ಓಡಿಸಿದ ಟೈರಿಗೆ ಹಾಗೇ ಗಾಳಿ ಹಿಡಿಸಬೇಡಿ. ಒಳಗಿನ ನೂಲು, ತಂತಿ ತುಂಡಾಗಿರಬಹುದು, ಹೊರಗೆ ಏನೂ ಕಾಣದು. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಇಳಿಸಿದ ಮೇಲೇ ಟೈರ್ ಬಿಚ್ಚಿಸಿ ಒಳಗೆ ನೋಡಿಸಿ. ಜೋಡಿ ಚಕ್ರ ಆದ್ರೆ ನಟ್ ಸಡಿಲಿಸುವ ಮೊದಲೇ ಎರಡರ ಗಾಳಿಯನ್ನೂ ಬಿಡಿಸಿ.

ತುಂಬುವಾಗ ಪೈಪ್ ಉದ್ದ ಇರಲಿ, ವಾಲ್ವಿಗೆ ಕ್ಲಿಪ್ ಕಚ್ಚಿಸಿ ದೂರ ಬನ್ನಿ. ರಿಂಗ್ ಸರಿಯಾಗಿ ಕೂರದಿದ್ರೆ ತಟ್ಟೋದಲ್ಲ, ಗಾಳಿ ಬಿಟ್ಟು ಮತ್ತೆ ಮೊದಲಿಂದ ಕೂರಿಸೋದು. ಅಂಗಡಿಯವನು 'ಏನಾಗಲ್ಲ ಬಿಡಣ್ಣ' ಅಂದ್ರೂ ನೀವು ಟೈರ್ ಉರುಳುವ ದಿಕ್ಕಿನಲ್ಲಿ, ಅಂದ್ರೆ ಹಲ್ಲಿನ ಕಡೆ ದೂರದಲ್ಲಿ ನಿಲ್ಲಿ. ವಿಡಿಯೋ ಮಾಡೋಕೂ ಹತ್ತಿರ ಹೋಗಬೇಡಿ.

ಇನ್ನು ಡಿಸ್ಕ್ ವೆಲ್ಡಿಂಗ್. ಟೈರ್ ಪೂರ್ತಿ ಕಳಚದೆ ಮಾಡಿಸಲೇಬೇಡಿ. ಗಾಳಿ ಇಳಿಸಿದ್ರೆ ಸಾಲದು, ಬಿಸಿಗೆ ರಬ್ಬರಿನಿಂದ ಹೊರಡುವ ಅನಿಲವೇ ಒಳಗೆ ಹೊತ್ತಿಕೊಂಡು ಟೈರ್ ಸಿಡಿಯುತ್ತೆ.