ಹಿತ್ತಲ ಮೂಲಂಗಿಗೆ ಮೊದಲು ಮಣ್ಣು ನೋಡಿ

ಹನುಮಂತನಗರದ ಹಳೆಯ ಮನೆಗಳ ಮುಂದೆ ಮೊಳದುದ್ದ ಜಾಗ ಸಿಕ್ಕರೂ ಸೊಪ್ಪು ಬಿತ್ತುವವರಿದ್ದಾರೆ. ಸಂತೋಷ. ಆದರೆ ಐವತ್ತು ಅಡಿ ರಸ್ತೆಯಂಥ ವಾಹನಗಳ ದಾರಿಯ ಪಕ್ಕದ ಮಣ್ಣಿನಲ್ಲಿ ಸೀಸ ಇರಬಹುದು. ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ ನಿಂತದ್ದು 2000ರಲ್ಲಿ. ಅದಕ್ಕೂ ಮುಂಚಿನ ಹೊಗೆಯ ಸೀಸ ಮೇಲ್ಮಣ್ಣಿಗೆ ಅಂಟಿದರೆ ಸುಲಭವಾಗಿ ಬಿಡುವುದಿಲ್ಲ. ಕಿಟಕಿ, ಗೇಟುಗಳಿಂದ ಕೆರೆದು ಉದುರಿಸಿದ ಹಳೆಯ ಬಣ್ಣವೂ ಸೇರಿಕೊಂಡಿರುತ್ತದೆ.

ಬೇರಿಗೆ ಸೀಸ ಬೇಕಾಗಿಲ್ಲ. ಆದರೂ ಕ್ಯಾಲ್ಸಿಯಂಗೆಂದು ತೆರೆದ ದಾರಿಯಲ್ಲೇ ಅದು ಒಳನುಸುಳುತ್ತದೆ. ಬಹುಪಾಲು ಬೇರಿನ ಕೋಶಭಿತ್ತಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನಷ್ಟನ್ನು ಒಳಪದರದ ಮೇಣದಂಥ ಪಟ್ಟಿ ತಡೆಯುತ್ತದೆ. ಹಾಗಾಗಿ ಟೊಮೇಟೊ, ಬದನೆ, ಬೆಂಡೆಯ ಕಾಯಿಗೆ ಸೀಸ ತಲುಪುವುದು ಕಡಿಮೆ. ಮೂಲಂಗಿ, ಕ್ಯಾರೆಟ್‌ಗಳಲ್ಲಿ ನಾವು ತಿನ್ನುವುದೇ ಬೇರು! ಸೊಪ್ಪಿಗೆ ಬೇರೆ ತೊಂದರೆ: ಎಲೆಗೆ ಅಂಟುವ ಧೂಳು.

ಅನುಮಾನವಿದ್ದರೆ ಪರೀಕ್ಷೆ ಮಾಡಿಸಿ. ಸಾರಜನಕ, ರಂಜಕ, ಪೊಟ್ಯಾಷ್ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಸೀಸ ಗೊತ್ತಾಗದು. ಭಾರಲೋಹ ಎಂದು ಕೇಳಿಯೇ ಕೊಡಿ. ಹುಳಿ ಮಣ್ಣಿನಲ್ಲಿ ಸೀಸ ಸುಲಭವಾಗಿ ಕರಗಿ ಬೇರಿಗೆ ಸಿಗುತ್ತದೆ, ಕಾಂಪೋಸ್ಟು ಅದನ್ನು ಹಿಡಿದಿಡುತ್ತದೆ. ಸಾಸಿವೆ ಗಿಡ ಸೀಸ ಹೀರುತ್ತದೆಂದು ಅದನ್ನೇ ಬೆಳೆದು ಮಣ್ಣು ತೊಳೆಯಲು ಹೋಗಬೇಡಿ, ವರ್ಷಗಳೇ ಹಿಡಿಯುತ್ತವೆ; ಆ ಸೊಪ್ಪನ್ನಂತೂ ತಿನ್ನಲೇಬಾರದು. ಮಕ್ಕಳಿರುವ ಮನೆಯವರು ಮೂಲಂಗಿಯನ್ನು ತಾರಸಿಯ ಕುಂಡದಲ್ಲಿ, ಹೊಸ ಮಣ್ಣು ಹಾಕಿ ಬೆಳೆಯಿರಿ.