ಮರಿಯೇ ಬೇಕೆಂಬ ಹಟ ಬಿಡಿ: ಬೆಳೆದ ಪ್ರಾಣಿಯ ದತ್ತು ಗೆಲ್ಲಲು ಏಳು ಸೂತ್ರಗಳು

ನಾಯಿ ಮರಿಯಾಗಿದ್ದಾಗ ಎತ್ತಿ ಮುದ್ದಾಡಿ, ಬೆಳೆದ ಮೇಲೆ ಹೆದ್ದಾರಿ ಬದಿಯಲ್ಲಿ ಇಳಿಸಿ ಹೋಗುವವರಿಗೆ ಕೊರತೆಯಿಲ್ಲ. ಅಂಥ ನಾಯಿಗಳಿಗೆ ಕೋಲಾರದ ಕ್ಯಾಲನೂರಿನಂಥ ಊರಿನಲ್ಲಿ ಅಂಗಳ, ಹಿತ್ತಿಲಿರುವ ಮನೆ ಸಿಕ್ಕರೆ ಎರಡೂ ಕಡೆಗೆ ಲಾಭ. ಆದರೆ ತರುವ ಮೊದಲು ಇಷ್ಟು ನೆನಪಿರಲಿ.

1. ಅಂದ ಬಿಡಿ, ಗುಣ ನೋಡಿ. ಮರಿ ಮುಂದೆ ಹೇಗಾಗುತ್ತದೆಂದು ಯಾರೂ ಹೇಳಲಾರರು. ಐದು ವರ್ಷದ ನಾಯಿಯ ಎತ್ತರ, ಸಿಟ್ಟು, ಸಲಿಗೆ ಎಲ್ಲವೂ ಕಣ್ಣೆದುರೇ ಇರುತ್ತವೆ. ಮಕ್ಕಳು, ಕೋಳಿ, ಹಸುಗಳ ಜೊತೆ ಹೇಗಿರುತ್ತದೆಂದು ಸಾಕಿದವರನ್ನು ಕೇಳಿ.

2. ಒಂದೇ ಭೇಟಿಯಲ್ಲಿ ತೀರ್ಮಾನಿಸಬೇಡಿ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕಟ್ಟಿದ ಕ್ಯೂಪಾದಂಥ ಸಂಸ್ಥೆಗಳು ರಕ್ಷಿಸಿದ ಪ್ರಾಣಿಗಳನ್ನು ದತ್ತು ಕೊಡುತ್ತವೆ. ಮನೆಮಂದಿಯೆಲ್ಲ ಹೋಗಿ. ಅಜ್ಜಿಗೆ ಬೇಡವಾದ ನಾಯಿ ಹಳ್ಳಿಮನೆಯಲ್ಲಿ ಬಾಳುವುದಿಲ್ಲ.

3. ಕಿವಿ ನೋಡಿ, ಚೀಟಿ ಕೇಳಿ. ಬೀದಿನಾಯಿಯ ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಚಿಕಿತ್ಸೆ ಆಗಿದೆ ಎಂದರ್ಥ. ಲಸಿಕೆಯ ಚೀಟಿ ಇಲ್ಲದಿದ್ದರೆ ಆಗಿಲ್ಲವೆಂದೇ ತಿಳಿದು ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ರೇಬೀಸ್ ಲಸಿಕೆ ಪ್ರತಿವರ್ಷ ಬೇಕು. ವಯಸ್ಸಾದ ನಾಯಿಯಾದರೆ ಹಲ್ಲು, ಕೀಲುಗಳನ್ನೂ ತೋರಿಸಿ.

4. ಮೂರರ ಲೆಕ್ಕ ಮರೆಯಬೇಡಿ. ಭಯ ಇಳಿಯಲು ಮೂರು ದಿನ, ಮನೆಯ ಕ್ರಮ ತಿಳಿಯಲು ಮೂರು ವಾರ, ಇದು ನನ್ನ ಮನೆ ಎನ್ನಿಸಲು ಮೂರು ತಿಂಗಳು: ಪ್ರಾಣಿ ಸಾಕುವವರು ಸಾಮಾನ್ಯವಾಗಿ ಹೇಳುವ ಅಂದಾಜು ಇದು. ಮೊದಲ ದಿನ ನಾಯಿ ಬಾಲವನ್ನು ಹೊಟ್ಟೆಯಡಿ ಸೇರಿಸಿಕೊಂಡು ಮಂಚದ ಕೆಳಗೆ ಮುದುಡಬಹುದು, ತಟ್ಟೆಯನ್ನು ಮೂಸದೆಯೂ ಇರಬಹುದು. ಎಳೆದು ಹೊರತರಬೇಡಿ. ನೀರು, ಊಟ ಹತ್ತಿರವಿಟ್ಟು ದೂರ ಸರಿಯಿರಿ. ಎಷ್ಟೋ ನಾಯಿಗಳು ದೀಪ ಆರಿದ ಮೇಲೆಯೇ ಉಣ್ಣುತ್ತವೆ.

5. ನಮ್ಮ ತಟ್ಟೆಯದೆಲ್ಲ ಅದಕ್ಕಲ್ಲ. ರಾಗಿ ಮುದ್ದೆ, ಅನ್ನ, ಬೇಯಿಸಿದ ಮೊಟ್ಟೆ ನಡೆಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ. ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ದ್ರಾಕ್ಷಿ ತೋಟವಿರುವವರು ಉದುರಿದ ಹಣ್ಣಿನ ಮೇಲೂ ಕಣ್ಣಿಡಬೇಕು. ಹಳೆಯ ಆಹಾರವನ್ನು ಒಮ್ಮೆಲೇ ನಿಲ್ಲಿಸದೆ ವಾರದಲ್ಲಿ ನಿಧಾನವಾಗಿ ಬದಲಿಸಿ.

6. ನಾಯಿಯ ಬದಲು ಚಿಂಚಿಲಾ ಕೊಡುತ್ತೇವೆಂದರೆ ಮೊದಲು ಬಿಸಿಲು ನೆನೆಯಿರಿ. ಇದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಚಳಿಗೆ ಹುಟ್ಟಿದ, ಇಲಿ ಜಾತಿಯ ಸಣ್ಣ ಪ್ರಾಣಿ. ಒಂದೊಂದು ರೋಮಕೂಪದಿಂದ 50ಕ್ಕೂ ಹೆಚ್ಚು ಕೂದಲು ಹೊರಡುವಷ್ಟು ದಟ್ಟ ಅದರ ತುಪ್ಪಳ. ಸೆಖೆ 25 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ; ಕೋಲಾರದ ಏಪ್ರಿಲ್ 35 ದಾಟುತ್ತದೆ. ಅದಕ್ಕೆ ನೀರಿನ ಸ್ನಾನವಿಲ್ಲ, ನುಣುಪು ದೂಳಿನಲ್ಲೇ ಹೊರಳಬೇಕು. ಹಲ್ಲು ಸದಾ ಬೆಳೆಯುವುದರಿಂದ ಒಣಹುಲ್ಲು ದಿನವೂ ಬೇಕು. ಹತ್ತು ವರ್ಷದ್ದನ್ನು ತಂದರೂ ಇನ್ನೂ ಐದಾರು ವರ್ಷ, ಕೆಲವೊಮ್ಮೆ ಹೆಚ್ಚೇ ಬದುಕೀತು. ದಿನವಿಡೀ ಎಸಿ ಓಡಿಸಲಾಗದ ಮನೆಯವರು ಬೇಡವೆನ್ನುವುದೇ ದಯೆ.

7. ಕಾನೂನಿನ ಭಯ ನಂಬಬೇಡಿ, ನಿಮ್ಮ ಮಾತು ಉಳಿಸಿಕೊಳ್ಳಿ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ದೂಡಿ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಅಪರಾಧ. ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ ಮಾತ್ರ. ಇಷ್ಟು ಸಣ್ಣ ದಂಡ ಯಾರನ್ನೂ ತಡೆಯದು. ಊರು ಬಿಡಬೇಕಾದಾಗ ಯಾರು ನೋಡಿಕೊಳ್ಳುತ್ತಾರೆಂದು ತರುವ ಮೊದಲೇ ಗೊತ್ತುಮಾಡಿಕೊಳ್ಳಿ.

ಒಮ್ಮೆ ಕೈಬಿಟ್ಟುಹೋದ ಜೀವವನ್ನು ಎರಡನೇ ಸಲ ಕೈಬಿಡಬೇಡಿ. ಕೊನೆತನಕ ಸಾಕುವ ಧೈರ್ಯವಿದ್ದರೆ ಮಾತ್ರ ತನ್ನಿ, ಇದ್ದರೆ ತಡಮಾಡಬೇಡಿ.